ಯಾವ ನೂರರಲ್ಲಿ ಎಷ್ಟು?

ಸಂಜೆಯ ವಾರ್ತೆಗಳು ಮುಗಿಯುವ ಹೊತ್ತಿಗೆ ನಿಮ್ಮ ರೇಡಿಯೋದಲ್ಲಿ ಹವಾಮಾನದ ಮುನ್ಸೂಚನೆ ಬರುತ್ತದೆ. “ದಕ್ಷಿಣ ಒಳನಾಡಿನ ಕೆಲವೆಡೆ ಮಳೆಯಾಗುವ ಸಂಭವವಿದೆ” ಎಂದು ವಾರ್ತೆ ಓದುವವರು ಹೇಳುತ್ತಾರೆ. ಪಡಸಾಲೆಯಲ್ಲಿ ಕುಳಿತವರೊಬ್ಬರು ನಗುತ್ತಾರೆ: “ಬಂದರೂ ಬಂದೀತು, ಬಾರದಿದ್ದರೂ ಇದ್ದೀತು! ಇಷ್ಟನ್ನು ಹೇಳುವುದಕ್ಕೆ ಒಂದು ಇಲಾಖೆ ಬೇರೆ ಬೇಕೆ?” ಮರುದಿನ ಮನೆಯ ಅಂಗಳ ಒಣಗಿಯೇ ಇದ್ದರೆ ಆ ನಗೆ ಇನ್ನೂ ಜೋರಾಗುತ್ತದೆ.

ಆದರೆ “ಕೆಲವೆಡೆ” ಎಂಬುದು ಬಾಯಿಗೆ ಬಂದಂತೆ ಆಡಿದ ಮಾತಲ್ಲ. ಒಂದು ಪ್ರದೇಶದಲ್ಲಿರುವ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆ ಕಂಡರೆ ಹವಾಮಾನ ಇಲಾಖೆ ಅದಕ್ಕೆ ಒಂದು ಮಾತನ್ನು ಗೊತ್ತುಮಾಡಿದೆ. 26ರಿಂದ 50ರವರೆಗೆ ಇನ್ನೊಂದು, 51ರಿಂದ 75ರವರೆಗೆ ಮತ್ತೊಂದು, ಅದಕ್ಕೂ ಮೇಲೆ ಬೇರೊಂದು. ನಮ್ಮ ಕಿವಿಗೆ “ಒಂದೆರಡು ಕಡೆ”, “ಕೆಲವೆಡೆ”, “ಹಲವೆಡೆ”, “ಬಹುತೇಕ ಎಲ್ಲೆಡೆ” ಎಂದು ಬೀಳುವ ಮಾತುಗಳ ಹಿಂದೆ ಈ ಲೆಕ್ಕವಿದೆ. “ಕೆಲವೆಡೆ” ಎಂದ ದಿನ ನೂರರಲ್ಲಿ ನಲವತ್ತು ಕೇಂದ್ರಗಳಲ್ಲಿ ಮಳೆ ಬಿದ್ದು, ನಿಮ್ಮ ಊರು ಉಳಿದ ಅರವತ್ತರ ಗುಂಪಿಗೆ ಸೇರಿದ್ದರೆ ಮುನ್ಸೂಚನೆ ಸುಳ್ಳಾದಂತಲ್ಲ. ಇಲಾಖೆ ಹೇಳಿದ್ದು ನೂರು ಕೇಂದ್ರಗಳ ಮಾತು. ನೀವು ಕೇಳಿಸಿಕೊಂಡದ್ದು ನಿಮ್ಮ ಅಂಗಳದ ಮಾತು.

ಸಂಖ್ಯಾಶಾಸ್ತ್ರವೆಂದರೆ ಹಲವರಿಗೆ ಕಾಲೇಜಿನ ದಪ್ಪ ಪುಸ್ತಕವೂ ಗ್ರೀಕ್ ಅಕ್ಷರಗಳೂ ನೆನಪಿಗೆ ಬಂದು ಭಯವಾಗುತ್ತದೆ. ಆ ಶಾಸ್ತ್ರದ ಮೂಲ ವಿಚಾರಗಳು ನಾಲ್ಕೈದೇ. ಅವನ್ನು ತಿಳಿಯಲು ಕೂಡಿಸುವುದು, ಭಾಗಿಸುವುದು ಬಂದರೆ ಸಾಕು; ಜೊತೆಗೆ ಒಂದು ಪ್ರಶ್ನೆಯನ್ನು ಬಿಡದೆ ಕೇಳುವ ಅಭ್ಯಾಸ ಬೇಕು. “ನೂರಕ್ಕೆ ಇಷ್ಟು” ಎಂದು ಯಾರೇ ಹೇಳಲಿ, “ಯಾವ ನೂರರಲ್ಲಿ?” ಎಂದು ಕೇಳಬೇಕು. ಈ ಪ್ರಶ್ನೆಯನ್ನು ಹಿಡಿದುಕೊಂಡು ಸರಾಸರಿಯಿಂದ ಹೊರಟು, ಒಂದು ದಿನ ನಮ್ಮ ನಿಮ್ಮ ಮನೆಗೂ ಬರಬಹುದಾದ ರಕ್ತಪರೀಕ್ಷೆಯ ಚೀಟಿಯವರೆಗೆ ಹೋಗಿಬರೋಣ.

ಸರಾಸರಿಯ ಮನುಷ್ಯ ಎಲ್ಲಿದ್ದಾನೆ?

ಒಂದು ಬೀದಿಯಲ್ಲಿ ಒಂಬತ್ತು ಮನೆಗಳಿವೆ ಎನ್ನಿ. ಎಂಟು ಮನೆಗಳಲ್ಲಿ ತಿಂಗಳ ವರಮಾನ 20,000 ರೂಪಾಯಿ. ಒಂಬತ್ತನೆಯದು ದೊಡ್ಡ ವ್ಯಾಪಾರಿಯ ಮನೆ. ಅಲ್ಲಿ 2,00,000 ರೂಪಾಯಿ. ಎಲ್ಲವನ್ನೂ ಕೂಡಿಸಿದರೆ 3,60,000. ಒಂಬತ್ತರಿಂದ ಭಾಗಿಸಿದರೆ 40,000. “ಈ ಬೀದಿಯ ಸರಾಸರಿ ವರಮಾನ ನಲವತ್ತು ಸಾವಿರ” ಎಂದು ಬರೆದರೆ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ನಲವತ್ತು ಸಾವಿರ ತರುವ ಮನೆ ಆ ಬೀದಿಯಲ್ಲಿ ಒಂದೂ ಇಲ್ಲ. ಎಂಟು ಮನೆಯವರು ಅದರ ಅರ್ಧದಲ್ಲಿ ಸಂಸಾರ ತೂಗಿಸುತ್ತಿದ್ದಾರೆ.

ಇಂಥ ಕಡೆ ಇನ್ನೊಂದು ಅಳತೆ ಉಪಯೋಗಕ್ಕೆ ಬರುತ್ತದೆ. ಒಂಬತ್ತು ಮನೆಗಳನ್ನು ವರಮಾನದ ಪ್ರಕಾರ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ, ನಟ್ಟನಡುವಿನ ಐದನೆಯ ಮನೆಯನ್ನು ನೋಡಿ. ಅಲ್ಲಿ 20,000 ಇದೆ. ಇದಕ್ಕೆ ಮಧ್ಯಾಂಕವೆಂದು ಹೆಸರು. ವ್ಯಾಪಾರಿಯ ವರಮಾನ ನಾಳೆ ಇಮ್ಮಡಿಯಾದರೆ ಸರಾಸರಿ ಮೇಲಕ್ಕೆ ನೆಗೆಯುತ್ತದೆ. ಮಧ್ಯಾಂಕ ಇದ್ದಲ್ಲೇ ಇರುತ್ತದೆ. ಒಂದು ಊರಿನ, ಒಂದು ನಾಡಿನ ವರಮಾನದ ಸರಾಸರಿಯನ್ನು ಕೇಳಿದಾಗ ಮಧ್ಯಾಂಕವೆಷ್ಟು ಎಂದು ಕೇಳುವುದು ಆದಕಾರಣ ನ್ಯಾಯವಾದ ಪ್ರಶ್ನೆ.

ಸರಾಸರಿಯನ್ನು ತಪ್ಪಾಗಿ ಓದುವುದಕ್ಕೆ ಇನ್ನೊಂದು ನಿದರ್ಶನ ನಮ್ಮ ದೇಶದ್ದೇ ಇದೆ. 1941ರಿಂದ 1951ರವರೆಗಿನ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು ಸುಮಾರು 32 ವರ್ಷವೆಂದು ಲೆಕ್ಕ ಹಾಕಿದ್ದಾರೆ. ಇದನ್ನು ಓದಿದ ಹುಡುಗರು, “ಹಾಗಾದರೆ ಆಗಿನವರು ಮೂವತ್ತೆರಡಕ್ಕೇ ಮುದುಕರಾಗುತ್ತಿದ್ದರೆ? ನಮ್ಮ ಮುತ್ತಜ್ಜಿ ಎಂಬತ್ತು ವರ್ಷ ಬಾಳಿದ್ದು ಹೇಗೆ?” ಎಂದು ಬೆರಗಾಗುತ್ತಾರೆ. ಹತ್ತು ಕೂಸುಗಳನ್ನು ಊಹಿಸಿಕೊಳ್ಳಿ. ಐದು ಕೂಸುಗಳು ಒಂದೇ ವರ್ಷ ಬದುಕಿದವು. ಉಳಿದ ಐದು 63 ವರ್ಷ ಬಾಳಿದವು. ಒಟ್ಟು 5 ಮತ್ತು 315, ಅಂದರೆ 320 ವರ್ಷ. ಹತ್ತರಿಂದ ಭಾಗಿಸಿ: 32. ಆ ಹತ್ತರಲ್ಲಿ ಮೂವತ್ತೆರಡಕ್ಕೆ ತೀರಿಕೊಂಡವರು ಒಬ್ಬರೂ ಇಲ್ಲ. ಆ ಅಂಕಿಯಲ್ಲಿ ಅಡಗಿರುವುದು ಬೇಗ ಬಂದ ಮುಪ್ಪಲ್ಲ, ತೊಟ್ಟಿಲಲ್ಲೇ ಬರಿದಾದ ಜೀವಗಳು. ದೇಶ ಮಾಡಬೇಕಾಗಿದ್ದ ಕೆಲಸ ಯಾವುದೆಂಬುದೂ ಇದರಿಂದ ತಿಳಿಯುತ್ತದೆ: ಬಾಣಂತಿಯ ಆರೈಕೆ, ಶುದ್ಧವಾದ ನೀರು, ಕೂಸಿಗೆ ಲಸಿಕೆ. ಸರಾಸರಿಯನ್ನು ತಪ್ಪಾಗಿ ಓದಿದವನಿಗೆ ರೋಗವೂ ತಪ್ಪಾಗಿ ಕಾಣುತ್ತದೆ, ಮದ್ದೂ ತಪ್ಪಾಗಿ ತೋರುತ್ತದೆ.

ಒಂದೇ ಸರಾಸರಿ, ಎರಡು ಬದುಕು

ಸರಾಸರಿಯೂ ಮಧ್ಯಾಂಕವೂ ನಡುವಿನ ಸ್ಥಾನವನ್ನು ಹೇಳುತ್ತವೆ. ಅಂಕಿಗಳು ಆ ನಡುವಿನ ಸುತ್ತ ಎಷ್ಟು ದೂರ ಚದುರಿವೆ ಎಂಬುದನ್ನು ಅವು ಹೇಳಲಾರವು. ಎರಡು ಊರುಗಳನ್ನು ಊಹಿಸಿಕೊಳ್ಳಿ. ಮೊದಲನೆಯ ಊರಿನಲ್ಲಿ ಐದು ವರ್ಷಗಳ ಮಳೆ, ಸೆಂಟಿಮೀಟರ್ ಲೆಕ್ಕದಲ್ಲಿ, 58, 62, 60, 59, 61. ಎರಡನೆಯ ಊರಿನಲ್ಲಿ 20, 110, 30, 100, 40. ಎರಡು ಊರಿಗೂ ಸರಾಸರಿ ಮಳೆ 60 ಸೆಂಟಿಮೀಟರೇ. ಆದರೆ ಮೊದಲನೆಯ ಊರಿನ ರೈತ ಪ್ರತಿ ವರ್ಷವೂ ರಾಗಿ ಬಿತ್ತಿ ಧೈರ್ಯವಾಗಿರಬಲ್ಲ. ಎರಡನೆಯ ಊರಿನವನು ಒಂದು ವರ್ಷ ಬರದಲ್ಲಿ ಬೇಯುತ್ತಾನೆ, ಮರುವರ್ಷ ಕೆರೆಯ ಏರಿ ಒಡೆದೀತೆಂದು ಹೆದರುತ್ತಾನೆ.

ಈ ವ್ಯತ್ಯಾಸವನ್ನು ಅಳೆಯುವುದು ಕಷ್ಟವಲ್ಲ. ಪ್ರತಿವರ್ಷದ ಮಳೆ ಸರಾಸರಿಯಿಂದ ಎಷ್ಟು ದೂರ ಹೋಯಿತೆಂದು ನೋಡಿ, ಆ ದೂರಗಳಿಗೆ ಮತ್ತೆ ಸರಾಸರಿ ತೆಗೆಯಬೇಕು. ಮೊದಲನೆಯ ಊರಿನಲ್ಲಿ ದೂರಗಳು 2, 2, 0, 1, 1. ಅವುಗಳ ಸರಾಸರಿ ಒಂದು ಚಿಲ್ಲರೆ. ಎರಡನೆಯದರಲ್ಲಿ 40, 50, 30, 40, 20. ಅವುಗಳ ಸರಾಸರಿ 36. ಶಾಸ್ತ್ರಜ್ಞರು ಈ ದೂರಗಳನ್ನು ಮೊದಲು ವರ್ಗ ಮಾಡಿ, ಸರಾಸರಿ ತೆಗೆದು, ಕೊನೆಗೆ ವರ್ಗಮೂಲ ಹಿಡಿಯುತ್ತಾರೆ. ಹಾಗೆ ಮಾಡಿದರೆ ಮೊದಲನೆಯ ಊರಿಗೆ ಸುಮಾರು 1.4, ಎರಡನೆಯದಕ್ಕೆ ಸುಮಾರು 37 ಬರುತ್ತದೆ. ಮಾನಕ ವಿಚಲನೆ ಎಂದು ಪಠ್ಯಪುಸ್ತಕಗಳಲ್ಲಿ ಹೆದರಿಸುವುದು ಇದೇ. ಹೆಸರು ಮರೆತರೂ ಚಿಂತೆಯಿಲ್ಲ, ಸರಾಸರಿಯನ್ನು ಹೇಳಿದವರನ್ನು “ಏರಿಳಿತವೆಷ್ಟು?” ಎಂದು ಕೇಳುವುದನ್ನು ಮರೆಯಬಾರದು.

ಅನ್ನಕ್ಕೆ ಅಗುಳು

ಇಷ್ಟು ಹೊತ್ತು ಎಲ್ಲ ಮನೆಗಳ, ಎಲ್ಲ ವರ್ಷಗಳ ಅಂಕಿಗಳು ನಮ್ಮ ಕೈಯಲ್ಲಿದ್ದವು. ಲಕ್ಷಾಂತರ ಮನೆಗಳಿರುವಾಗ ಪ್ರತಿಯೊಂದಕ್ಕೂ ಹೋಗಿ ಕೇಳುವುದು ಆಗದ ಮಾತು. ಆಗ ಏನು ಮಾಡಬೇಕು? ಉತ್ತರ ನಿಮ್ಮ ಅಡಿಗೆಮನೆಯಲ್ಲೇ ಇದೆ. ಅನ್ನ ಬೆಂದಿದೆಯೇ ಎಂದು ನೋಡಲು ತಪ್ಪಲೆಯ ಅನ್ನವನ್ನೆಲ್ಲ ಯಾರೂ ಹಿಚುಕುವುದಿಲ್ಲ. ಒಂದೆರಡು ಅಗುಳು ಸಾಕು. ಹುಳಿಗೆ ಉಪ್ಪು ಸರಿಯಾಗಿದೆಯೇ ಎಂದು ತಿಳಿಯಲು ಅಂಗೈಗೆ ಹಾಕಿಕೊಂಡ ನಾಲ್ಕು ತೊಟ್ಟು ಸಾಕು. ಐದು ಜನರ ಪಾತ್ರೆಗೂ ನಾಲ್ಕೇ ತೊಟ್ಟು, ಮದುವೆಮನೆಯ ಕೊಪ್ಪರಿಗೆಗೂ ನಾಲ್ಕೇ ತೊಟ್ಟು. ಪಾತ್ರೆ ದೊಡ್ಡದಾಯಿತೆಂದು ರುಚಿನೋಡುವ ಪಾಲು ದೊಡ್ಡದಾಗಬೇಕಿಲ್ಲ. ಆದರೆ ಒಂದು ಕಟ್ಟಳೆಯುಂಟು: ಮೊದಲು ಸೌಟು ಹಾಕಿ ಚೆನ್ನಾಗಿ ತಿರುವಬೇಕು. ಉಪ್ಪು ತಳದಲ್ಲಿ ಕುಳಿತಿದ್ದರೆ ಮೇಲಿನ ತಿಳಿಯನ್ನು ಬಟ್ಟಲುಗಟ್ಟಲೆ ಕುಡಿದರೂ ಸತ್ಯ ತಿಳಿಯದು.

ತಿರುವದೆ ರುಚಿನೋಡಿದವರ ಕಥೆಯೊಂದು ಅಮೆರಿಕದಲ್ಲಿ 1936ರಲ್ಲಿ ನಡೆಯಿತು. ಆ ವರ್ಷದ ಅಧ್ಯಕ್ಷ ಚುನಾವಣೆಗೆ ಮುಂಚೆ ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿಗಳನ್ನು ಅಂಚೆಯಲ್ಲಿ ಕಳುಹಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವನ್ನೆಣಿಸಿ, ರೂಸ್‌ವೆಲ್ಟರು ಸೋಲುತ್ತಾರೆ, ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ನಡೆದದ್ದೇ ಬೇರೆ: ಆಗಿದ್ದ 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟರು ಗೆದ್ದರು. ತಪ್ಪು ಎಲ್ಲಾಯಿತು? ಹೆಸರುಗಳನ್ನು ಆರಿಸಿದ್ದು ಬಹುಮಟ್ಟಿಗೆ ಟೆಲಿಫೋನ್ ಮತ್ತು ಮೋಟಾರು ಕಾರು ಇದ್ದವರ ಪಟ್ಟಿಗಳಿಂದ. ಆ ಕಷ್ಟದ ದಿನಗಳಲ್ಲಿ ಅವು ಉಳ್ಳವರ ಪಟ್ಟಿಗಳು. ಮೇಲಾಗಿ ಚೀಟಿ ತಲುಪಿದವರಲ್ಲಿ ಉತ್ತರ ಬರೆಯುವ ಉತ್ಸಾಹವಿದ್ದವರು ಮಾತ್ರ ಬರೆದರು. ಎಣಿಕೆ ದೊಡ್ಡದಾಗಿತ್ತು, ನೂರು ತಪ್ಪಾಗಿತ್ತು. ಅದೇ ಚುನಾವಣೆಯಲ್ಲಿ ಗ್ಯಾಲಪ್ ಎಂಬವರು ಇದಕ್ಕಿಂತ ಎಷ್ಟೋ ಚಿಕ್ಕ ಗುಂಪನ್ನು ಕೇಳಿ ರೂಸ್‌ವೆಲ್ಟರ ಗೆಲುವನ್ನು ಮುಂಚಿತವಾಗಿಯೇ ಹೇಳಿದ್ದರು.

ತಿರುವಿ ತೆಗೆಯುವುದೆಂದರೆ ಎಲ್ಲರಿಗೂ ಆರಿಸಿಬರುವ ಅವಕಾಶ ಸಮನಾಗಿರುವಂತೆ, ಚೀಟಿ ಎತ್ತಿದ ಹಾಗೆ, ಜನರನ್ನು ಆರಿಸುವುದು. ಹೀಗೆ ಆರಿಸಿದ 100 ಜನರನ್ನು “ಹೌದೋ ಅಲ್ಲವೋ” ಎಂದು ಕೇಳಿದರೆ, ಇಪ್ಪತ್ತು ಸಲದಲ್ಲಿ ಹತ್ತೊಂಬತ್ತು ಸಲ ಉತ್ತರ ನಿಜಕ್ಕಿಂತ ನೂರಕ್ಕೆ 10ರಷ್ಟು ಆಚೀಚೆಯ ಒಳಗೇ ಇರುತ್ತದೆ. 400 ಜನರನ್ನು ಕೇಳಿದರೆ ಈ ಆಚೀಚೆ 5ಕ್ಕೆ ಇಳಿಯುತ್ತದೆ. 2,500 ಜನರಾದರೆ 2ಕ್ಕೆ. ತಪ್ಪನ್ನು ಅರ್ಧ ಮಾಡಬೇಕಾದರೆ ಜನರನ್ನು ನಾಲ್ಕುಪಟ್ಟು ಮಾಡಬೇಕು. ಆದುದರಿಂದ ಯಾವುದಾದರೂ ಸಮೀಕ್ಷೆಯಲ್ಲಿ “ಇವರಿಗೆ 51, ಅವರಿಗೆ 49” ಎಂದು ಕೇಳಿದಾಗ, ಎಷ್ಟು ಜನರನ್ನು ಕೇಳಿದರು, ಹೇಗೆ ಆರಿಸಿದರು ಎಂಬೆರಡು ಸಂಗತಿ ತಿಳಿಯುವವರೆಗೆ ಸಿಹಿ ಹಂಚಬೇಡಿ.

ಈ ವಿದ್ಯೆಯಲ್ಲಿ ನಮ್ಮ ದೇಶದ ಹೆಸರು ದೊಡ್ಡದು. ಪ್ರಶಾಂತಚಂದ್ರ ಮಹಲನೋಬಿಸರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿ, ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಹೊಲಗಳಿಂದ ಅಂದಾಜು ಮಾಡುವ ಕ್ರಮವನ್ನು ರೂಪಿಸಿದರು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಅವರ ಪ್ರೇರಣೆಯದು. ಆ ಸಂಸ್ಥೆಯಲ್ಲೇ ಬೆಳೆದ ಸಿ. ಆರ್. ರಾವ್ ಅವರು ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. ಒಂದು ಮಾದರಿಯಿಂದ ಅಂದಾಜು ಮಾಡುವಾಗ, ಎಷ್ಟೇ ಜಾಣ್ಮೆ ತೋರಿದರೂ ಏರಿಳಿತವನ್ನು ಒಂದು ಮಿತಿಗಿಂತ ಕೆಳಕ್ಕೆ ಇಳಿಸಲಾಗದೆಂಬ ತತ್ವವನ್ನು ಅವರು 1945ರ ಒಂದು ಲೇಖನದಲ್ಲಿ ತೋರಿಸಿಕೊಟ್ಟರು. ಆಗ ಅವರಿಗೆ ಇನ್ನೂ ಇಪ್ಪತ್ತೈದರ ವಯಸ್ಸು. ಸ್ವೀಡನ್ನಿನ ಕ್ರಾಮೆರರ ಹೆಸರಿನೊಡನೆ ರಾಯರ ಹೆಸರನ್ನೂ ಸೇರಿಸಿ ಪ್ರಪಂಚದ ವಿದ್ಯಾರ್ಥಿಗಳೆಲ್ಲ ಅದನ್ನು ಓದುತ್ತಾರೆ. 2023ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ ಅವರು ಕಾಲವಾದರು.

ಎಣಿಕೆಗೂ ಆಟಕ್ಕೂ ನಂಟು

ಮಹಾಭಾರತದ ವನಪರ್ವದಲ್ಲಿ ಬರುವ ನಳನ ಕಥೆ ನಿಮಗೆ ಗೊತ್ತು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿರುತ್ತಾನೆ. ದಾರಿಯಲ್ಲಿ ಒಂದು ತಾರೆಯ ಮರ ಸಿಗುತ್ತದೆ. ಋತುಪರ್ಣ ರಥದಿಂದಲೇ ನೋಡಿ, ಅದರ ಎರಡು ಕೊಂಬೆಗಳಲ್ಲಿ 2,095 ಹಣ್ಣುಗಳಿವೆ ಎನ್ನುತ್ತಾನೆ. ನಳ ನಂಬದೆ, ರಥ ನಿಲ್ಲಿಸಿ, ಎಣಿಸಿ ನೋಡುತ್ತಾನೆ; ಲೆಕ್ಕ ಸರಿಹೋಗುತ್ತದೆ. ಇದು ಹೇಗೆಂದು ಕೇಳಿದಾಗ, ತಾನು ಪಗಡೆಯ ಹೃದಯವನ್ನು ಬಲ್ಲವನು, ಅದರಿಂದಲೇ ಎಣಿಕೆಯಲ್ಲೂ ನಿಪುಣ ಎಂದು ರಾಜ ಹೇಳುತ್ತಾನೆ. ಆತ ಎಣಿಸಿದ ವಿಧಾನವನ್ನು ಕಥೆ ವಿವರಿಸುವುದಿಲ್ಲ. ಆದರೆ ಮರದ ಹಣ್ಣನ್ನು ಲೆಕ್ಕ ಹಾಕುವ ವಿದ್ಯೆಯೂ ದಾಳದ ಮರ್ಮವೂ ಒಂದೇ ವಿದ್ಯೆಯ ಎರಡು ಮುಖಗಳೆಂಬ ಮಾತು ಅಷ್ಟು ಹಳೆಯದು. ಯೂರೋಪಿನಲ್ಲಿ ಆ ನಂಟನ್ನು ಗಣಿತಕ್ಕೆ ತಂದದ್ದು 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಎಂಬಿಬ್ಬರು ಜೂಜಿನ ಪಣವನ್ನು ಹಂಚುವ ಬಗೆಗೆ ಬರೆದುಕೊಂಡ ಕಾಗದಗಳು.

ನಮಗೆ ದಾಳವೇ ಬೇಕಾಗಿಲ್ಲ. ಚೌಕಾಬಾರದ ನಾಲ್ಕು ಕವಡೆ ಸಾಕು. ಕವಡೆ ಬಾಯಿ ಮೇಲಾಗಿ ಬೀಳುವುದೂ ಬೋರಲಾಗಿ ಬೀಳುವುದೂ ಸಮಸಮ ಎಂದು ಸದ್ಯಕ್ಕೆ ಹಿಡಿಯೋಣ. ಮೊದಲನೆಯದು ಎರಡು ಬಗೆಯಾಗಿ ಬೀಳಬಹುದು, ಎರಡನೆಯದು ಎರಡು ಬಗೆ, ಹೀಗೆ ನಾಲ್ಕೂ ಸೇರಿ 2×2×2×2, ಅಂದರೆ 16 ಬಗೆ. ನಾಲ್ಕೂ ಬಾಯಿ ಮೇಲಾಗುವ ಬಗೆ ಒಂದೇ, ಅದು ಚೌಕ. ನಾಲ್ಕೂ ಬೋರಲಾಗುವ ಬಗೆಯೂ ಒಂದೇ, ಅದು ಬಾರ. ಎರಡು ಮೇಲಾಗಿ ಎರಡು ಬೋರಲಾಗುವುದಕ್ಕೆ ಆರು ಬಗೆಗಳುಂಟು. ಕವಡೆಗಳಿಗೆ ಗುರುತು ಹಾಕಿ ಮಕ್ಕಳು ಎಣಿಸಿ ನೋಡಲಿ. ಒಂದು ಮೇಲಾಗುವುದಕ್ಕೆ ನಾಲ್ಕು, ಮೂರು ಮೇಲಾಗುವುದಕ್ಕೆ ನಾಲ್ಕು. ಈ 1, 4, 6, 4, 1 ಎಂಬ ಸಾಲು ನಮ್ಮ ಛಂದಶ್ಶಾಸ್ತ್ರದ ಮೇರುಪ್ರಸ್ತಾರದಲ್ಲಿಯೂ ಇದೆ. ನಾಲ್ಕಕ್ಷರದ ಪಾದದಲ್ಲಿ ಲಘುಗುರುಗಳನ್ನು ಹಂಚುವ ಲೆಕ್ಕವದು. ಪಿಂಗಳನ ಸೂತ್ರಗಳಿಗೆ ಹತ್ತನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಇದನ್ನು ವಿವರಿಸಿದ್ದಾನೆ.

ಸಂಭವನೀಯತೆಯೆಂದರೆ ಇಷ್ಟೇ: ಒಟ್ಟು ಬಗೆಗಳಲ್ಲಿ ನಮಗೆ ಬೇಕಾದ ಬಗೆಗಳೆಷ್ಟು? ಚೌಕಕ್ಕೆ ಹದಿನಾರರಲ್ಲಿ ಒಂದು, ಎರಡಕ್ಕೆ ಹದಿನಾರರಲ್ಲಿ ಆರು. ಚೌಕವೋ ಬಾರವೋ ಯಾವುದಾದರೊಂದು ಬೀಳಲಿ ಎಂದರೆ ಎರಡನ್ನೂ ಕೂಡಿಸಿ ಹದಿನಾರರಲ್ಲಿ ಎರಡು. ನಿಜವಾದ ಕವಡೆ ಮಾತ್ರ ಇಷ್ಟು ನಿಷ್ಪಕ್ಷಪಾತಿಯಲ್ಲ. ಅದರ ಬೆನ್ನು ಉಬ್ಬು, ಬಾಯಿ ಚಪ್ಪಟೆ. ತೇಯ್ದ ಹುಣಸೆಬೀಜವೂ ಹಾಗೆಯೇ. ಅವುಗಳ ಗುಣ ತಿಳಿಯಬೇಕಾದರೆ ಕುಳಿತು ನೂರಾರು ಸಲ ಹಾಕಿ ಬರೆದುಕೊಳ್ಳಬೇಕು. ಗುಣವನ್ನು ತಿಳಿದು ಮುಂದೆ ಬೀಳುವ ಗರವನ್ನು ಲೆಕ್ಕ ಹಾಕುವುದು ಸಂಭವನೀಯತೆಯ ಕೆಲಸ. ಬಿದ್ದ ಗರಗಳನ್ನು ನೋಡಿ ಗುಣವನ್ನು ಊಹಿಸುವುದು ಸಂಖ್ಯಾಶಾಸ್ತ್ರದ ಕೆಲಸ.

ಕವಡೆಗೆ ನೆನಪಿಲ್ಲ

ಆಟದಲ್ಲಿ ಹತ್ತು ಸಲ ಹಾಕಿದರೂ ಚೌಕ ಬೀಳದಿದ್ದರೆ, “ಇಷ್ಟು ಹೊತ್ತು ಬಿದ್ದಿಲ್ಲ, ಈ ಸಲ ಬೀಳಲೇಬೇಕು” ಎನ್ನುತ್ತೇವೆ. ಕವಡೆಗೆ ಕಿವಿಯಿಲ್ಲ, ನೆನಪೂ ಇಲ್ಲ. ಹನ್ನೊಂದನೆಯ ಸಲವೂ ಚೌಕಕ್ಕೆ ಹದಿನಾರರಲ್ಲಿ ಒಂದೇ ಪಾಲು. ಹಿಂದಿನದು ಮುಂದಿನದನ್ನು ಮುಟ್ಟದಿದ್ದರೆ ಅವು ಪರಸ್ಪರ ಸ್ವತಂತ್ರವೆಂದು ಹೇಳುತ್ತಾರೆ.

ಆಟದಲ್ಲಿ ಈ ತಪ್ಪಿನಿಂದ ಒಂದು ಕಾಯಿ ಹೋಗಬಹುದು. ಸಂಸಾರದಲ್ಲಿ ಹೆಚ್ಚಿನದು ಹೋಗುತ್ತದೆ. “ಮೂರು ಹೆಣ್ಣಾಯಿತು, ನಾಲ್ಕನೆಯದು ಗಂಡೇ ಆಗಬೇಕು, ನೋಡುತ್ತಿರಿ” ಎಂದು ಹಿರಿಯರು ಸೊಸೆಗೆ ಹೇಳುವುದನ್ನು ನೀವು ಕೇಳಿರಬಹುದು. ಸ್ವಭಾವತಃ ನೂರು ಹೆಣ್ಣುಕೂಸುಗಳಿಗೆ ಸುಮಾರು 105 ಗಂಡುಕೂಸುಗಳು ಹುಟ್ಟುತ್ತವೆ, ಹೆಚ್ಚುಕಡಿಮೆ ಅರ್ಧಕ್ಕರ್ಧ. ಮೂರು ಹೆಣ್ಣುಗಳಾದ ಮೇಲೂ ನಾಲ್ಕನೆಯ ಸಲದ ಪಾಲು ಅದೇ ಅರ್ಧ. ನಿಸರ್ಗ ಯಾರ ಮನೆಯ ಬಾಕಿಯನ್ನೂ ಬರೆದಿಟ್ಟುಕೊಂಡಿಲ್ಲ. ಇನ್ನೊಂದು ಮಾತು: ಕೂಸು ಗಂಡೋ ಹೆಣ್ಣೋ ಎಂಬುದು ನಿರ್ಧಾರವಾಗುವುದು ತಂದೆಯಿಂದ ಬರುವ ವರ್ಣತಂತುವಿನಿಂದ. ಸೊಸೆಯನ್ನು ಆಡಿಕೊಳ್ಳುವವರಿಗೆ ಲೆಕ್ಕವೂ ಇಲ್ಲ, ಜೀವಶಾಸ್ತ್ರವೂ ಇಲ್ಲ.

“ಹಾಗಾದರೆ ಕೊನೆಗೆ ಎಲ್ಲವೂ ಸಮನಾಗುತ್ತದೆ ಎನ್ನುವುದು ಸುಳ್ಳೆ?” ಎಂದು ನೀವು ಕೇಳಬಹುದು. ಅದಕ್ಕೆ ಕೆರಿಕ್ ಎಂಬ ಗಣಿತಜ್ಞ ಉತ್ತರ ಕೊಟ್ಟಿದ್ದಾನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂದಿಯಾಗಿದ್ದ ಆತ ಹೊತ್ತು ಕಳೆಯಲು ಒಂದು ನಾಣ್ಯವನ್ನು ಹತ್ತು ಸಾವಿರ ಸಲ ಚಿಮ್ಮಿ ಬರೆದಿಟ್ಟ. ಮೊದಲ 10 ಸಲದಲ್ಲಿ 4 ತಲೆ. 100 ಸಲದಲ್ಲಿ 44. 1,000 ಸಲದಲ್ಲಿ 502. 10,000 ಸಲದಲ್ಲಿ 5,067. ನೂರಕ್ಕೆ ಎಷ್ಟು ಎಂದು ನೋಡಿದರೆ 40, 44, 50.2, 50.67, ಬರಬರುತ್ತ ಅರ್ಧದ ಬಳಿ ನೆಲೆಸುತ್ತದೆ. 1713ರಲ್ಲಿ ಅಚ್ಚಾದ ಯಾಕೋಬ್ ಬರ್ನೌಲಿಯ ಗ್ರಂಥ ಸಾಧಿಸಿ ತೋರಿಸಿದ್ದು ಇದನ್ನೇ. ಆದರೆ ತಲೆಗಳ ಎಣಿಕೆ ಸರಿ ಅರ್ಧದಿಂದ ಎಷ್ಟು ದೂರವಿದೆ ಎಂದು ನೋಡಿ: ನೂರು ಸಲದಲ್ಲಿ 6, ಹತ್ತು ಸಾವಿರ ಸಲದಲ್ಲಿ 67. ಬಾಕಿ ತೀರಲಿಲ್ಲ, ದೊಡ್ಡ ಮೊತ್ತದಲ್ಲಿ ಕರಗಿತು. ಜೂಜುಗಾರನಿಗೆ ಈ ಭೇದ ತಿಳಿಯದೆ ಮನೆ ಮುಳುಗುತ್ತದೆ.

ಸ್ವತಂತ್ರವಾದ ಎರಡು ಸಂಗತಿಗಳಿಗೆ ಗಂಟು ಹಾಕುವುದು ಇದಕ್ಕೆ ನೆಂಟನಾದ ತಪ್ಪು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನಮ್ಮಲ್ಲಿದೆ. ಕಾಗೆಯ ಮೇಲೆ ಅಪವಾದ ಹೊರಿಸುವ ಮೊದಲು ಇನ್ನೂ ಮೂರು ಎಣಿಕೆಗಳು ಬೇಕು: ಕಾಗೆ ಕೂತರೂ ಮುರಿಯದ ಕೊಂಬೆಗಳೆಷ್ಟು, ಕೂರದೆಯೇ ಮುರಿದವೆಷ್ಟು, ಕೂರದೆ ಗಟ್ಟಿಯಾಗಿ ಉಳಿದವೆಷ್ಟು? ನಿಜವಾದ ಕನಸನ್ನು ಜೀವಮಾನವಿಡೀ ಹೇಳುತ್ತೇವೆ; ಸುಳ್ಳಾದ ಸಾವಿರ ಕನಸುಗಳು ಬೆಳಗಿನ ಕಾಫಿಗೆ ಮುಂಚೆಯೇ ಮರೆತುಹೋಗುತ್ತವೆ.

ಪರೀಕ್ಷೆಯ ಚೀಟಿ

ಈಗ ಮೊದಲೇ ಹೇಳಿದ ಚೀಟಿಗೆ ಬರೋಣ. ಯಾವ ತೊಂದರೆಯೂ ಇಲ್ಲದವರೊಬ್ಬರು ಆರೋಗ್ಯ ತಪಾಸಣೆಗೆಂದು ಹೋಗಿ ರಕ್ತ ಕೊಟ್ಟು ಬಂದರು ಎನ್ನಿ. ಸಂಜೆ ಚೀಟಿ ಬಂದಿತು: ಒಂದು ಭಾರಿ ಕಾಯಿಲೆಯ ಪರೀಕ್ಷೆಯಲ್ಲಿ “ಪಾಸಿಟಿವ್”. ಯಾರೋ ಹೇಳಿದರು, “ಆ ಪರೀಕ್ಷೆ ಕಾಯಿಲೆಯಿದ್ದ ನೂರು ಜನರಲ್ಲಿ ತೊಂಬತ್ತು ಜನರನ್ನು ಹಿಡಿಯುತ್ತದೆ.” ಮನೆಯಲ್ಲಿ ಒಲೆ ಹಚ್ಚುವವರಿಲ್ಲ. ಕಾಯಿಲೆ ಇರುವ ಸಂಭವ ನೂರಕ್ಕೆ ತೊಂಬತ್ತು ಎಂದು ಎಲ್ಲರೂ ತಿಳಿದಿದ್ದಾರೆ. ಇಲ್ಲಿಯೇ ನಮ್ಮ ಪ್ರಶ್ನೆಯನ್ನು ಕೇಳಬೇಕು: ಯಾವ ನೂರರಲ್ಲಿ ತೊಂಬತ್ತು?

ತೊಂಬತ್ತೆಂಬುದು ಕಾಯಿಲೆಯಿದ್ದ ನೂರು ಜನರ ಲೆಕ್ಕ. ನಮಗೆ ಬೇಕಾದದ್ದು ಚೀಟಿ ಪಾಸಿಟಿವ್ ಬಂದ ನೂರು ಜನರ ಲೆಕ್ಕ. ಇವೆರಡೂ ಬೇರೆ ಬೇರೆ ನೂರುಗಳು. ವಿಷಯ ತಿಳಿಯಲೆಂದು ಕೆಲವು ಅಂಕಿಗಳನ್ನು ಹಿಡಿಯೋಣ. ತಪಾಸಣೆಗೆ ಬಂದವರು 10,000 ಜನ. ಅವರಲ್ಲಿ ಕಾಯಿಲೆಯಿರುವವರು ನೂರಕ್ಕೊಬ್ಬರಂತೆ 100 ಜನ. ಪರೀಕ್ಷೆ ಇವರಲ್ಲಿ 90 ಜನರನ್ನು ಹಿಡಿಯಿತು. ಉಳಿದ 9,900 ಜನ ಆರೋಗ್ಯವಂತರು. ಆದರೆ ಪರೀಕ್ಷೆ ಆರೋಗ್ಯವಂತರಲ್ಲಿಯೂ ನೂರಕ್ಕೆ 5 ಜನರಿಗೆ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ ಎಂದುಕೊಳ್ಳಿ. ಹಾಗೆ 495 ಜನ. ಒಟ್ಟು ಪಾಸಿಟಿವ್ ಚೀಟಿ ಹಿಡಿದು ಮನೆಗೆ ಹೋದವರು 585. ಇವರಲ್ಲಿ ನಿಜವಾಗಿ ಕಾಯಿಲೆಯಿರುವವರು 90. ಅಂದರೆ ಹದಿಮೂರರಲ್ಲಿ ಇಬ್ಬರು. ನೂರಕ್ಕೆ ಹದಿನೈದರ ಆಸುಪಾಸು. ತೊಂಬತ್ತೆಲ್ಲಿ, ಹದಿನೈದೆಲ್ಲಿ!

ಪರೀಕ್ಷೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಪರೀಕ್ಷೆಗೆ ಮುಂಚೆ ನೂರಕ್ಕೆ ಒಂದಾಗಿದ್ದ ಸಂಶಯ ಹದಿನೈದಕ್ಕೆ ಏರಿತು. ಅದು ಸಣ್ಣ ಏರಿಕೆಯಲ್ಲ, ಚೀಟಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಡುವಂತಿಲ್ಲ. ಮೊದಲನೆಯದರ ತಪ್ಪು ತನಗೆ ತಾಕದ ಇನ್ನೊಂದು ಬಗೆಯ ಪರೀಕ್ಷೆಯನ್ನು, ಅಷ್ಟೇ ನಿಖರವಾದುದನ್ನು, ಈ 585 ಜನರಿಗೇ ಮಾಡಿದರೆ ಏನಾಗುತ್ತದೆ ನೋಡಿ. ಕಾಯಿಲೆಯಿರುವ 90ರಲ್ಲಿ 81 ಜನ ಮತ್ತೆ ಸಿಕ್ಕುತ್ತಾರೆ. ಆರೋಗ್ಯವಂತರಾದ 495ರಲ್ಲಿ ಸುಮಾರು 25 ಜನ ಮಾತ್ರ ಉಳಿಯುತ್ತಾರೆ. ಈಗ 106ರಲ್ಲಿ 81, ನೂರಕ್ಕೆ ಎಪ್ಪತ್ತಾರು. ಮೊದಲ ಚೀಟಿಯ ಮೇಲೆಯೇ ವೈದ್ಯರು ತೀರ್ಪು ಕೊಡದೆ ಇನ್ನೊಂದು ಪರೀಕ್ಷೆ ಬರೆದುಕೊಟ್ಟರೆ ಹಣ ಕೀಳುವ ಉಪಾಯವೆಂದು ಗೊಣಗಬೇಡಿ. ಆ ಎರಡನೆಯ ಚೀಟಿಯಲ್ಲಿ ಈ ಲೆಕ್ಕವಿದೆ. ಹಾಗೆಯೇ, ರೋಗದ ಲಕ್ಷಣಗಳು ಆಗಲೇ ಕಂಡಿದ್ದವರಿಗೆ, ಮನೆತನದಲ್ಲಿ ಆ ಕಾಯಿಲೆ ಇದ್ದವರಿಗೆ, ಮೊದಲಿನ ನೂರೇ ಬೇರೆಯಾಗುತ್ತದೆ. ಅಂಥವರು ನೂರಕ್ಕೊಬ್ಬರ ಗುಂಪಿನವರಲ್ಲ. ಅವರ ಚೀಟಿಯ ತೂಕ ಹೆಚ್ಚು. ವೈದ್ಯರು ಚೀಟಿಯನ್ನು ನೋಡುವುದಕ್ಕೆ ಮುಂಚೆ ಅಷ್ಟೊಂದು ಪ್ರಶ್ನೆಗಳನ್ನು ಕೇಳುವುದು ಇದಕ್ಕಾಗಿಯೇ.

ಹೊಸ ಸಂಗತಿ ತಿಳಿದುಬಂದಾಗ ಹಳೆಯ ನಂಬಿಕೆಯನ್ನು ಎಷ್ಟರಮಟ್ಟಿಗೆ ತಿದ್ದಿಕೊಳ್ಳಬೇಕೆಂಬ ಈ ಲೆಕ್ಕಕ್ಕೆ ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿಯ ಹೆಸರಿದೆ. ಆತ 1761ರಲ್ಲಿ ತೀರಿಕೊಂಡ; ಆತನ ಲೇಖನವನ್ನು ಸ್ನೇಹಿತ ರಿಚರ್ಡ್ ಪ್ರೈಸ್ 1763ರಲ್ಲಿ ಬೆಳಕಿಗೆ ತಂದ. ಪಂಡಿತರು ಇದನ್ನು ಸೂತ್ರವಾಗಿ ಬರೆಯುತ್ತಾರೆ. ನಿಮಗೆ ಸೂತ್ರ ಬೇಡ. ಒಂದು ಕಾಗದದ ಮೇಲೆ ಹತ್ತು ಸಾವಿರ ಜನರನ್ನು ಬರೆದು, ಇಬ್ಭಾಗ ಮಾಡಿ, ಎಣಿಸಿದರೆ ಸಾಕು.

ಸರಾಸರಿಯನ್ನು ಕೇಳಿದಾಗ ಏರಿಳಿತವನ್ನು ಕೇಳಿ. ಸಮೀಕ್ಷೆಯೆಂದಾಗ ಪಾತ್ರೆಯನ್ನು ತಿರುವಿದರೋ ಎಂದು ಕೇಳಿ. ಹಿಂದಿನ ಸೋಲಿಗೆ ಮುಂದೆ ಗೆಲುವು ಬಂದೇ ಬರುತ್ತದೆ ಎನ್ನುವವರಿಗೆ ಕವಡೆಯನ್ನು ತೋರಿಸಿ. ಮನೆಗೆ ಚೀಟಿ ಬಂದ ದಿನ, ಅಳುವ ಮುಂಚೆ ಅಥವಾ ಅಸಡ್ಡೆ ಮಾಡುವ ಮುಂಚೆ, ಈ ಅಂಕಿ ಯಾವ ನೂರರದ್ದು ಎಂದು ವೈದ್ಯರನ್ನು ಕೇಳಿ. ಒಳ್ಳೆಯ ವೈದ್ಯರು ಆ ಪ್ರಶ್ನೆಗೆ ಬೇಸರಪಡುವುದಿಲ್ಲ.

ಇಂದು ಸಂಜೆ ವಾರ್ತೆಗಳಾದ ಮೇಲೆ ರೇಡಿಯೋ ಮತ್ತೆ “ಕೆಲವೆಡೆ ಮಳೆ” ಎಂದರೆ, ಪಡಸಾಲೆಯಲ್ಲಿ ನಗುವವರಿಗೆ ನೂರು ಕೇಂದ್ರಗಳ ಕಥೆಯನ್ನು ಹೇಳಿ. ಹೇಳಿದ ಮೇಲೆ, ಹೊರಗೆ ಹೋಗುವಾಗ ಕೊಡೆಯನ್ನು ಮಾತ್ರ ತೆಗೆದುಕೊಂಡೇ ಹೋಗಿ.